ಜೋಳ, ಕಡಲೆ, ಹುಣಸೆ ಬೀಜ, ಒಂದು ಗುಂಡಿ

ಮೊನ್ನೆ ಹೊಸ ಬ್ಯಾಚಿನ ಹುಡುಗನೊಬ್ಬ ನಮ್ಮ ಲ್ಯಾಬಿನ ಕಪಾಟಿನಿಂದ ಅಂಗೈಯಗಲದ ಹಸಿರು ಬೋರ್ಡೊಂದನ್ನು ಹೊರತೆಗೆದು, ಅದರ ಅಂಚಿಗೆ ಅಂಟಿಸಿದ್ದ ಜೋಳದ ಕಾಳನ್ನು ಉಗುರಿನಿಂದ ಕೆರೆಯುತ್ತ ನಿಂತಿದ್ದ. ‘ಏ, ಕೈ ತಗೀ!’ ಎಂದು ನಾನು ಒದರಿದ ರಭಸಕ್ಕೆ ಪಾಪ, ಅದನ್ನು ಕೆಳಗೇ ಬೀಳಿಸುವವನಿದ್ದ. ‘ಇಲ್ರಿ ಸರ್, ಯಾರೋ ಊಟಾ ಮಾಡಿ ಕೈ ತೊಳೀದ ಮುಟ್ಟ್ಯಾರ ಅಂತ ತಿಳಕೊಂಡೆ’ ಎಂದ. ಒಂದು ಜೋಳದ ಕಾಳು, ಪಕ್ಕದಲ್ಲೊಂದು ಕಡಲೆ, ಅದರಾಚೆ ಹುಣಸೆ ಬೀಜ, ಕೊನೆಗೆ ಅಂಗಿಯ ಬಿಳಿ ಗುಂಡಿ. ಹೊಸಬರಿಗೆ ಹಾಗನ್ನಿಸಿದರೆ ತಪ್ಪೇನಿಲ್ಲ. ಆದರೆ ಅವನ್ನು ಅಂಟಿಸಿದವರು ಹೋಗಿ ಇನ್ನೂ ತಿಂಗಳು ತುಂಬಿಲ್ಲ. ನನ್ನ ಸಿಟ್ಟು ಆ ಹುಡುಗನ ಮೇಲಿನದಾಗಿರಲಿಲ್ಲ.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಕಾಲೇಜಿನ ವಾರ್ಷಿಕ ಸಂಚಿಕೆಗೆ ಅವರ ಪರಿಚಯ ಬರೆಯಲು ಹೋಗಿ ಬೈಸಿಕೊಂಡಿದ್ದೇನೆ. ‘ಪೇಪರಿನ್ಯಾಗ ಹೆಣ್ಮಕ್ಕಳ ಹೆಸರು ಬರೂದು ಎರಡ ಸಲ. ಲಗ್ನಾದಾಗ ಒಮ್ಮೆ, ಸತ್ತಾಗ ಒಮ್ಮೆ. ನಂದು ಲಗ್ನ ಆಗಲಿಲ್ಲ. ಇನ್ನೊಂದಕ್ಕ ನಿಮಗ್ಯಾಕ್ರಿ ಅವಸರ?’ ಎಂದಿದ್ದರು. ಹಾವೇರಿಯ ನಮ್ಮ ಡಿಪ್ಲೊಮಾ ಕಾಲೇಜಿನಲ್ಲಿ ಅವರು ಎಲೆಕ್ಟ್ರಾನಿಕ್ಸ್ ಕಲಿಸುತ್ತಿದ್ದರು. ಅದಕ್ಕೂ ಮೊದಲು ಹೈಸ್ಕೂಲಿನಲ್ಲಿ ಗಣಿತ ಕಲಿಸಿದ್ದರಿಂದ ‘ಅಕ್ಕೋರು’ ಎಂಬ ಕರೆ ಅಲ್ಲಿಂದಲೇ ಅವರ ಬೆನ್ನಿಗೆ ಬಂದಿತ್ತು. ಉಳಿದವರೆಲ್ಲ ಮೇಡಂ ಆಗಿದ್ದ ಕಾಲೇಜಿನಲ್ಲಿ ಅವರೊಬ್ಬರೇ ಅಕ್ಕೋರು.

ಅವರೂ ಯಾರನ್ನೂ ಹೆಸರು ಹಿಡಿದು ಕರೆದವರಲ್ಲ. ಊರೇ ಹೆಸರು. ‘ಒಂದ ಕ್ಲಾಸಿನ್ಯಾಗ ಮೂರ ಮಂದಿ ಮಂಜುನಾಥ ಅದಾರ. ಯಾರಿಗಂತ ಬೈಯ್ಲಿ? ಊರು ಹೇಳಿದ್ರ ಮನಶ್ಯಾ ಎಲ್ಲಿಂದ ಎದ್ದ ಬಂದಾನಂತ ತಿಳೀತೈತಿ’ ಎನ್ನುತ್ತಿದ್ದರು. ಹೀಗಾಗಿ ಪ್ರಿನ್ಸಿಪಾಲರು ಅವರ ಬಾಯಲ್ಲಿ ಹುಬ್ಬಳ್ಳಿ, ಅಟೆಂಡರ್ ಕಾಗಿನೆಲಿ. ರಾಣೆಬೆನ್ನೂರಿನಿಂದ ದಿನಾಲೂ ಬರುತ್ತಿದ್ದ ನಾನು ರಾಣೆಬೆನ್ನೂರು. ‘ಏನ್ ರಾಣೆಬೆನ್ನೂರ, ಇವತ್ತ ಮುಖಾ ಯಾಕ ಉಬ್ಬೇತಿ?’ ಎಂದು ಅವರು ಕೇಳಿದರೆ ಇಡೀ ಪಟ್ಟಣಕ್ಕೇ ಬಾವು ಬಂದಂತೆ ಕೇಳಿಸುತ್ತಿತ್ತು. ಮೊದಮೊದಲು ನನಗೆ ಸಿಟ್ಟು ಬರುತ್ತಿತ್ತು. ನನಗೆ ಯಾವುದಕ್ಕೆ ಸಿಟ್ಟು ಬರುವುದಿಲ್ಲ ಎಂಬುದನ್ನು ನನ್ನ ಹೆಂಡತಿ ಇನ್ನೂ ಹುಡುಕುತ್ತಿದ್ದಾಳೆ.

ಆಗ ನಮ್ಮ ಲ್ಯಾಬಿನಲ್ಲಿ ಕಂಪ್ಯೂಟರುಗಳಿಗೆ ಬರವಿರಲಿಲ್ಲ. ನಡೆಯುವ ಕಂಪ್ಯೂಟರಿಗೆ ಬರವಿತ್ತು. ಸಾಲಾಗಿ ಕುಳಿತಿದ್ದ ಹಳೆಯ ಪೆಟ್ಟಿಗೆಗಳಲ್ಲಿ ಒಂದೇ ಒಂದು ನೆಟ್ಟಗೆ ಉಸಿರಾಡುತ್ತಿತ್ತು. ಹುಡುಗರು ನಾಲ್ವರ ತಂಡ ಮಾಡಿಕೊಂಡು ಪ್ರಾಜೆಕ್ಟ್ ಮಾಡಬೇಕು. ಪ್ರತಿಯೊಬ್ಬರ ಕೈಯಲ್ಲೂ ಬಿಸಿ, ಹಸಿ ಅಳೆಯಬಲ್ಲ ಒಂದೊಂದು ಮೈಕ್ರೋಕಂಟ್ರೋಲರ್ ಬೋರ್ಡು. ಬೋರ್ಡು ಅಳೆದದ್ದನ್ನು ಕಂಪ್ಯೂಟರಿಗೆ ಹೇಳಬೇಕಾದರೆ ಸೀರಿಯಲ್ ತಂತಿ ಬೇಕು, ನಮ್ಮಲ್ಲಿ ಅದೂ ಒಂದೇ ಇತ್ತು. ಒಬ್ಬ ಕುಳಿತರೆ ಮೂವರು ಕಿಟಕಿಯಾಚೆ ಬಸ್‌ಸ್ಟ್ಯಾಂಡಿನ ಕಡೆ ನೋಡುತ್ತ ನಿಲ್ಲುತ್ತಿದ್ದರು. ಅಕ್ಕೋರು ಎಲ್ಲಿಂದಲೋ ಈ ಹಸಿರು ಅಡಾಪ್ಟರ್ ತರಿಸಿದರು. ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ಒಂದೇ ತಂತಿ, ಈಚೆ ಕಡೆ ನಾಲ್ಕು ಬಾಯಿ. ಒಂದೊಂದು ಬಾಯಿಗೆ ಒಂದೊಂದು ಬೋರ್ಡು ಹಚ್ಚಿದರೆ ನಾಲ್ಕೂ ಒಟ್ಟಿಗೆ ಮಾತಾಡುತ್ತವೆ, ಪರದೆಯ ಮೇಲೆ ನಾಲ್ಕು ಕಿಟಕಿ ತೆರೆಯುತ್ತವೆ. ‘ಇಷ್ಟಕ್ಕ ಇಷ್ಟ ದೊಡ್ಡ ಸಂಭ್ರಮ ಯಾಕ್ರಿ? ಇನ್ನ ಮೂರ ತಂತಿ ತರಿಸಿದ್ರ ಆಗ್ತಿತ್ತಲ್ಲ?’ ಎಂದು ನಾನು ಕೊಂಕು ತೆಗೆದೆ. ‘ಆ ಪೆಟ್ಟಿಗಿಗೆ ಜೀವಂತ ಇರೂ ಕಿಂಡಿ ಎರಡ ಅದಾವ್ರಿ, ಒಂದರಾಗ ಪ್ರಿಂಟರ್ ಕುಂತೈತಿ. ನಿಮ್ಮ ಮೂರು ತಂತಿ ನಿಮ್ಮ ಮೂಗಿನ್ಯಾಗ ಚುಚ್ಚಲೇನು?’ ಎಂದರು. ಹುಡುಗರು ನಕ್ಕರು. ನನಗೆ ಮತ್ತೆ ಸಿಟ್ಟು ಬಂತು.

ಆದರೆ ಅವರು ಕಲಿಸುವುದನ್ನು ಕೇಳಲು ನಾನು ನನ್ನ ಬಿಡುವಿನ ಪಿರಿಯಡ್ಡಿನಲ್ಲಿ ಲ್ಯಾಬಿನ ಬಾಗಿಲಿಗೆ ಹೋಗಿ ನಿಲ್ಲುತ್ತಿದ್ದೆ. ‘ಈ ತಂತಿ ಬಾಯಿ, ಈ ತಂತಿ ಕಿವಿ. ನನ್ನ ಬಾಯಿ ನಿನ್ನ ಕಿವಿಗೆ ಹತ್ತಬೇಕು, ನಿನ್ನ ಬಾಯಿ ನನ್ನ ಕಿವಿಗೆ. ಬಾಯಿಗೆ ಬಾಯಿ ಹಚ್ಚಿದ್ರ ಏನಾಕ್ಕೈತಿ?’ ಎಂದು ಕೇಳುವರು. ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ನಗು. ‘ನಗಬ್ಯಾಡ್ರಿ, ಏನೂ ಆಗೂದಿಲ್ಲ. ಇಬ್ರೂ ಮಾತಾಡ್ತಾರ, ಯಾರೂ ಕೇಳೂದಿಲ್ಲ. ನಮ್ಮ ಸ್ಟಾಫ್ ಮೀಟಿಂಗ್ ಹಂಗ.’ ಮೂರನೆಯದು ಗ್ರೌಂಡ್ ತಂತಿ. ಅದನ್ನು ಅವರು ಚಾಪೆ ಎನ್ನುತ್ತಿದ್ದರು. ‘ಮಾತಾಡೋ ಮೊದಲ ಇಬ್ರೂ ಒಂದ ಚಾಪಿ ಮ್ಯಾಲ ಕುಂದ್ರಬೇಕು. ಚಾಪಿ ಬ್ಯಾರೆ ಆತಂದ್ರ ಅಂವ ಹೇಳಿದ್ದು ಇವಗ ಕಸಾ ಆಗಿ ಕೇಳತೈತಿ.’ ಗ್ರೌಂಡ್ ಹಚ್ಚುವುದನ್ನು ಮರೆತವನ ಪರದೆಯ ಮೇಲೆ ಚೌಕ, ಪ್ರಶ್ನಾರ್ಥಕ ಚಿಹ್ನೆ, ಯಾವ ಭಾಷೆಯೂ ಅಲ್ಲದ ಅಕ್ಷರಗಳು ಸುರಿಯುತ್ತಿದ್ದವು. ‘ಚಾಪಿ ಹಾಸಲೇ ಮೋಟೆಬೆನ್ನೂರ!’ ಎಂದು ಅವರು ಕೂಗುತ್ತಿದ್ದರು.

ಅವರ ದೊಡ್ಡ ಕಟ್ಟಳೆ ಇನ್ನೊಂದಿತ್ತು. ಕಂಪ್ಯೂಟರು ನಾಲ್ಕು ಬಾಯಿಗೂ ಒಂದೊಂದು ಪೋರ್ಟ್ ನಂಬರು ಕೊಡುತ್ತದೆ. ಯಾರಾದರೂ ಅಡಾಪ್ಟರಿನ ತಂತಿ ಕಿತ್ತು ಬೇರೆ ಕಿಂಡಿಗೆ ಚುಚ್ಚಿದರೆ ಆ ನಂಬರುಗಳೆಲ್ಲ ಬದಲಾಗಿ ಕೂರುತ್ತವೆ. ‘ನಂಬರಿನ ಮ್ಯಾಲ ಭರೋಸಾ ಇಡಬ್ಯಾಡ್ರಿ, ಅದು ಇವತ್ತೊಂದು ನಾಳೆಗೊಂದು’ ಎಂದು ಅವರು, ಪ್ರತಿ ಬೋರ್ಡೂ ಎಚ್ಚರಾದ ಕೂಡಲೇ ಮೊದಲು ತನ್ನ ಊರು ಹೇಳಬೇಕೆಂದು ಮಾಡಿಸಿದರು. ಬರೆದವರ ಊರೇ ಬೋರ್ಡಿನ ಊರು. ‘ನಾನು ಗುತ್ತಲ’ ಎಂದು ಬೋರ್ಡು ಹೇಳಬೇಕು. ಕಂಪ್ಯೂಟರು ‘ಕೇಳ್ತು’ ಎಂದು ಮರುನುಡಿಯಬೇಕು. ಆಮೇಲಷ್ಟೇ ಮುಂದಿನ ಮಾತು. ‘ಕೇಳ್ತು’ ಬರುವವರೆಗೆ ಬೋರ್ಡು ಸುಮ್ಮನೆ ತನ್ನ ಊರನ್ನು ಹೇಳುತ್ತಲೇ ಇರಬೇಕು. ಬೇರೆ ಕಾಲೇಜಿನಿಂದ ಬಂದ ಮೇಷ್ಟ್ರೊಬ್ಬರು ಇದನ್ನು ನೋಡಿ ‘ಇದೇನ್ರಿ, ಬೋರ್ಡಿನ್ಯಾಗೂ ಜವಾರಿ ಮಾತು?’ ಎಂದು ನಕ್ಕರು. ‘ನಿಮ್ಮ ಬೋರ್ಡ್ ಹಲೋ ಅಂತಾವು, ನಮ್ಮವು ಊರ ಹೇಳ್ತಾವು. ಯಾವ್ದು ಉಪಯೋಗ ನೀವ ಹೇಳ್ರಿ’ ಎಂದರು ಅಕ್ಕೋರು.

ಈಗ ಕಣ್ಣಿನ ಮಾತಿಗೆ ಬರುತ್ತೇನೆ. ರಾಣೆಬೆನ್ನೂರಿನಿಂದ ಬೆಳಗಿನ ಪ್ಯಾಸೆಂಜರ್ ಹಿಡಿದರೆ ಬ್ಯಾಡಗಿಯಲ್ಲಿ ಅಕ್ಕೋರು ಹತ್ತುತ್ತಿದ್ದರು. ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿ ಬಂತೆಂದು ನಿದ್ದೆಯಲ್ಲಿದ್ದವರಿಗೂ ಮೂಗು ಹೇಳುತ್ತದೆ. ಅವತ್ತು ನಾನು ಕಿಟಕಿ ಪಕ್ಕ ಕುಳಿತು ಅವರಿಗಾಗಿ ಜಾಗ ಹಿಡಿದಿದ್ದೆ. ಹತ್ತಿ ಬಂದರು. ಕೈ ಎತ್ತಿದೆ. ಅವರು ಸೀದಾ ನನ್ನ ಎದುರಿಗೆ ನಿಂತು, ನನ್ನ ಮುಖವನ್ನೇ ನೋಡುತ್ತ, ‘ಇಲ್ಲಿ ಯಾರರ ಕುಂತಾರೇನ್ರಿ ಯಜಮಾನ್ರ?’ ಎಂದು ಕೇಳಿದರು.

ಚೇಷ್ಟೆ ಇರಬೇಕೆಂದು ನಾನು ಉತ್ತರ ಕೊಡಲಿಲ್ಲ. ಅವರು ಕಾದರು. ಆ ಮುಖದಲ್ಲಿ ಚೇಷ್ಟೆ ಇರಲಿಲ್ಲ. ‘ಅಕ್ಕೋರ, ನಾನ್ರಿ’ ಎಂದೆ. ‘ನಾನು ಅಂದ್ರ?’ ಎಂದವರು ದನಿ ಗುರುತು ಸಿಕ್ಕು ಚೀಲವನ್ನು ಎದೆಗೆ ಒತ್ತಿಕೊಂಡರು. ಆಮೇಲೆ ಪಕ್ಕದಲ್ಲಿ ಕುಳಿತು, ಚೀಲದಿಂದ ಶೇಂಗಾ ಚಟ್ನಿ ಹಚ್ಚಿದ ರೊಟ್ಟಿಯ ಸುರುಳಿ ತೆಗೆದು ನನ್ನ ಕೈಯಲ್ಲಿಟ್ಟರು.

‘ಸಕ್ಕರಿ ಕಣ್ಣಿಗೆ ಇಳದೈತ್ರಿ’ ಎಂದರು. ‘ಹುಬ್ಬಳ್ಳ್ಯಾಗ ಸೂಜಿ ಚುಚ್ಚಿಸ್ಕೊಂಡ ಬರಾಕತ್ತೇನಿ. ಹೋದದ್ದು ಬರೂದಿಲ್ಲ, ಇದ್ದದ್ದು ಎಷ್ಟ ದಿನ ಉಳೀತೈತೋ ಉಳೀಲಿ ಅಂದಾರ. ನಡುವ ಎಲ್ಲಾ ಮಸಕ. ಬದೀಲೆ ಒಂಚೂರ ಕಾಣ್ತೈತಿ.’

‘ರಜಾ ಹಾಕ್ರಿ’ ಎಂದೆ. ಅಷ್ಟೇ ಹೊಳೆದದ್ದು.

‘ಅದಕ್ಕ ನಿಮ್ಮ ಮುಂದ ಹೇಳಬಾರದಂತ ಇದ್ದೆ’ ಎಂದು ರೇಗಿದರು. ‘ಈ ಬ್ಯಾಚಿನ ಪರೀಕ್ಷಾ ಮುಗದ ಕೂಡಲೇ ನಾ ನಿವೃತ್ತಿ. ಅಲ್ಲೀತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ. ಗೊತ್ತಾತಂದ್ರ ಎಲ್ಲಾರೂ ಕಾಳಜಿ ಮಾಡಿ ಮಾಡಿ ನನ್ನ ಆಫೀಸಿನ್ಯಾಗ ಫ್ಯಾನಿನ ಕೆಳಗ ಕುಂದ್ರಿಸಿ ಬಿಡ್ತಾರ. ನಾ ಲ್ಯಾಬಿನಿಂದ ಮನಿಗೆ ಹೋಗಬೇಕ್ರಿ, ಫ್ಯಾನಿನ ಕೆಳಗಿಂದಲ್ಲ.’ ನಾನು ಮಾತು ಕೊಟ್ಟೆ.

ಆ ವಾರವೇ ಅವರು ಒಂದು ಬೋರ್ಡು ಸುಟ್ಟರು. ಅಡಾಪ್ಟರಿನ ಮೇಲೆ ಐದು ವೋಲ್ಟೋ ಮೂರು ಚಿಲ್ಲರೆಯೋ ಎಂದು ಆರಿಸಲು ಎಳ್ಳಿನಷ್ಟು ದೊಡ್ಡ ಅಕ್ಷರಗಳಿವೆ. ಅಲ್ಲಿರುವ ಜಂಪರ್ ಎಂಬ ಪುಟ್ಟ ಟೋಪಿಯನ್ನು ಅವರು ತಪ್ಪು ಕಡ್ಡಿಗೆ ತೊಡಿಸಿದರು. ಮೂರು ವೋಲ್ಟಿನ ಬೋರ್ಡಿಗೆ ಐದು ಹೋಯಿತು. ವಾಸನೆ ಬಂತು. ಗುತ್ತಲದ ಹುಡುಗಿ ವಾರಗಟ್ಟಲೆ ಬೆಸುಗೆ ಹಾಕಿ ಸಿದ್ಧಮಾಡಿದ ಬೋರ್ಡದು. ಆಕೆ ಬಾಯಿ ತೆರೆಯುವ ಮೊದಲೇ ಅಕ್ಕೋರು, ‘ಸುಟ್ಟಾಕಿ ನಾ. ನೀ ಅಳಬ್ಯಾಡ, ನಾಳೆ ಹೊಸಾದು ಬರ್ತೈತಿ, ಬೆಸಗಿ ಇಬ್ರೂ ಕೂಡೇ ಹಾಕೂಣು’ ಎಂದರು. ಆಕೆ ಅಳುತ್ತಿರಲಿಲ್ಲ. ಅಕ್ಕೋರ ದನಿಯೇ ನಡುಗುತ್ತಿತ್ತು. ಅಂದು ಸಂಜೆ ರೈಲಿನಲ್ಲಿ ಬ್ಯಾಡಗಿ ಬರುವವರೆಗೆ ಅವರು ಸೆರಗಿನ ತುದಿಗೆ ಗಂಟು ಹಾಕುತ್ತ, ಬಿಚ್ಚುತ್ತ ಕುಳಿತಿದ್ದರು.

ಮರುದಿನ ಬಂದಾಗ ತಂತಿಗಳಿಗೆಲ್ಲ ಗಂಟು ಬಿದ್ದಿತ್ತು. ಚಾಪೆಯ ತಂತಿಗೆ ಒಂದು ಗಂಟು, ಬಾಯಿಗೆ ಎರಡು, ಕಿವಿಗೆ ಮೂರು. ಹುಡುಗರು ಯಾಕೆಂದು ಕೇಳಿದರೆ, ‘ನಮ್ಮವ್ವ ಏನರ ನೆನಪ ಇಡಬೇಕಾದ್ರ ಸೆರಗಿಗೆ ಗಂಟ ಹಾಕ್ಕೊಂತಿದ್ಲು. ನಿಮಗೂ ನೆನಪ ಇರಲಿ ಅಂತ ಹಾಕೇನಿ’ ಎಂದರು. ಅಡಾಪ್ಟರಿನ ನಾಲ್ಕು ಬಾಯಿಗಳ ಗುರುತಿಗೆ ಜೋಳ, ಕಡಲೆ, ಹುಣಸೆ ಬೀಜ, ಶೇಂಗಾ ಅಂಟಿಸಿದ್ದರು. ವೋಲ್ಟಿನ ಟೋಪಿಯ ಮೇಲೆ ಅಂಟು ಸುರಿದು ಅದು ಜನ್ಮದಲ್ಲಿ ಅಲುಗಾಡದಂತೆ ಮಾಡಿದ್ದರು. ಶೇಂಗಾ ಬೀಜವನ್ನು ಎರಡನೆಯ ದಿನವೇ ಲ್ಯಾಬಿನ ಇಲಿ ತಿಂದುಹೋಯಿತು. ಅಷ್ಟರಲ್ಲಿ ರೈಲಿನ ನೂಕುನುಗ್ಗಲಿನಲ್ಲಿ ನನ್ನ ಅಂಗಿಯ ಗುಂಡಿಯೊಂದು ಕಿತ್ತುಬಂದಿತ್ತು. ‘ತರ್ರಿ ಇಲ್ಲೆ’ ಎಂದು ಇಸಿದುಕೊಂಡು ನಾಲ್ಕನೆಯ ಬಾಯಿಗೆ ಅಂಟಿಸಿದರು. ‘ಇದು ರಾಣೆಬೆನ್ನೂರಿನ ಬಾಯಿ. ಒದರೋದ ಹೆಚ್ಚು, ಕೇಳೋದ ಕಡಿಮಿ. ಇಲಿನೂ ಮುಟ್ಟೂದಿಲ್ಲ.’ ಹರಿದ ಅಂಗಿಯಲ್ಲಿ ಮನೆಗೆ ಹೋಗಿ ನಾನು ಬೈಸಿಕೊಂಡದ್ದು ಬೇರೆ.

ಪಾಠದ ರೀತಿಯೂ ಬದಲಾಯಿತು. ಲ್ಯಾಬಿನ ಮೂಲೆಯಲ್ಲಿ ಗೋಡೆಗೆ ಬೆನ್ನು ಆನಿಸಿ ಸ್ಟೂಲಿನ ಮೇಲೆ ಕೂರುವರು. ಕೈ ತೊಡೆಯ ಮೇಲೆ, ಕಣ್ಣು ಮುಚ್ಚಿ. ‘ಓದ್ರಿ’ ಎನ್ನುವರು. ಹುಡುಗರು ಪರದೆಯ ಮೇಲೆ ಬಂದದ್ದನ್ನೆಲ್ಲ ಗಟ್ಟಿಯಾಗಿ ಓದಬೇಕು. ‘ಕಣ್ಣಿಲೆ ನೋಡಿದ್ರ ಜಾರಿ ಹೋಕ್ಕೈತಿ, ಬಾಯಿಲೆ ಓದಿದ್ರ ನಿಮ್ಮ ತಪ್ಪು ನಿಮಗ ಕೇಳತೈತಿ’ ಎಂದು ಅದಕ್ಕೊಂದು ಶಾಸ್ತ್ರ ಹೇಳಿದರು. ಅದು ಕಣ್ಣಿನ ನೆಪವಾಗಿ ಹುಟ್ಟಿದ್ದೇ ಆದರೂ ಮಾತು ಖರೇ ಇತ್ತು. ಓದುತ್ತ ಓದುತ್ತ ಹುಡುಗರೇ ನಿಂತು ‘ಇಲ್ರಿ, ತಪ್ಪಾತ್ರಿ’ ಎನ್ನುತ್ತಿದ್ದರು. ‘ಕೇಳ್ತು’ ಎನ್ನುವರು ಅಕ್ಕೋರು, ‘ಮುಂದ.’

ನಾನು ಆ ದಿನಗಳಲ್ಲಿ ಮಾಡಿದ ನಾಟಕಗಳನ್ನು ನೆನೆದರೆ ಈಗ ನಗು ಬರುತ್ತದೆ. ಅವರ ದಾರಿಯಲ್ಲಿದ್ದ ಸ್ಟೂಲುಗಳನ್ನು ಒದ್ದು ಸರಿಸಿ ‘ಇಲ್ಲ್ಯಾರಿಟ್ರಿ ಇದನ್ನ!’ ಎಂದು ಕಿರುಚುತ್ತಿದ್ದೆ. ನೋಟೀಸು ಬಂದರೆ, ಅದರ ಮೇಲೆ ನನಗೆ ವಿಪರೀತ ಸಿಟ್ಟು ಬಂದವನಂತೆ, ಅಕ್ಕೋರಿಗೆ ಕೇಳಲೆಂದು ಮೊದಲಿನಿಂದ ಕೊನೆಯವರೆಗೆ ಒದರಿ ಓದುತ್ತಿದ್ದೆ. ಮೆಟ್ಟಿಲು ಬಂದಾಗ ಕೆಮ್ಮುತ್ತಿದ್ದೆ. ಕಾಲೇಜಿನಲ್ಲಿ ನನಗೆ ಕ್ಷಯವಿದೆಯೆಂಬ ಸುದ್ದಿಯೂ ಹಬ್ಬಿತ್ತು. ಇರಲಿ, ಗುಟ್ಟು ಉಳಿಯಿತಲ್ಲ ಎಂದು ನನ್ನ ಬೆನ್ನನ್ನು ನಾನೇ ಚಪ್ಪರಿಸಿಕೊಳ್ಳುತ್ತಿದ್ದೆ.

ಆ ಹೊತ್ತಿಗೆ ಇನ್ನೊಂದು ಹುಚ್ಚು ಕಾಲೇಜಿನಲ್ಲಿ ಶುರುವಾಯಿತು. ಬೋರ್ಡುಗಳನ್ನು ನೋಡಿ ನೋಡಿ ಹುಡುಗರು ಲ್ಯಾಬಿನ ಬಾಗಿಲಲ್ಲಿ ನಿಂತು ‘ನಾನ್ರಿ ಅಕ್ಕೋರ, ಕದರಮಂಡಲಗಿ’, ‘ನಾನ್ರಿ, ಹಾವೇರಿ’ ಎಂದು ಊರು ಹೇಳಿ ಒಳಗೆ ಬರತೊಡಗಿದರು. ಅಕ್ಕೋರು ‘ಕೇಳ್ತು’ ಎನ್ನುವರು. ಆಮೇಲೆ ಅಟೆಂಡರೂ ಕಲಿತ. ಪ್ರಿನ್ಸಿಪಾಲರಂಥ ಪ್ರಿನ್ಸಿಪಾಲರು, ಯಾರ ಕೋಣೆಗೂ ಬಾಗಿಲು ತಟ್ಟದೆ ನುಗ್ಗುವವರು, ಅವರೂ ಒಮ್ಮೆ ‘ನಾನ್ರಿ ಅಕ್ಕೋರ, ಹುಬ್ಬಳ್ಳಿ’ ಎಂದದ್ದನ್ನು ಕೇಳಿ ನನಗೆ ಮೈ ಉರಿಯಿತು. ಹುಡುಗರ ಚೇಷ್ಟೆಗೆ ಇವರೂ ತಾಳ ಹಾಕುತ್ತಾರಲ್ಲ, ಕಾಲೇಜು ಹಾಳಾಯಿತೆಂದು ಮನೆಯಲ್ಲಿ ಗೊಣಗಿದೆ.

ಪರೀಕ್ಷೆಯ ದಿನ ಬಂತು. ಗುತ್ತಲ, ಮೋಟೆಬೆನ್ನೂರು, ಕದರಮಂಡಲಗಿ, ಹಾವೇರಿಯ ನಾಲ್ವರದು ಮೆಣಸಿನಕಾಯಿ ಪ್ರಾಜೆಕ್ಟು. ಚೀಲದಲ್ಲಿ ತುಂಬಿಟ್ಟ ಕಾಯಿಗೆ ಒಳಗೊಳಗೇ ಹಸಿ ಹಿಡಿದರೆ ಬಣ್ಣ ಕೆಟ್ಟು ಬೂಸ್ಟು ಬರುತ್ತದೆ, ಹೊರಗಿನಿಂದ ಗೊತ್ತಾಗುವುದಿಲ್ಲ. ಹಾಗಾಗಿ ಚೀಲದೊಳಗೆ ಅಳೆಯುವ ಕಡ್ಡಿ ಇಟ್ಟು, ನಾಲ್ಕು ಚೀಲಕ್ಕೆ ನಾಲ್ಕು ಬೋರ್ಡು ಹಚ್ಚಿ, ಒಂದೇ ಕಂಪ್ಯೂಟರಿನಲ್ಲಿ ನಾಲ್ಕರ ಹಸಿಯನ್ನೂ ನೋಡುವುದು. ಲ್ಯಾಬಿನಲ್ಲಿ ನಾಲ್ಕು ಚೀಲ ಬ್ಯಾಡಗಿ ಮೆಣಸಿನಕಾಯಿ! ಗದಗಿನಿಂದ ಬಂದಿದ್ದ ಪರೀಕ್ಷಕರು ಬಾಗಿಲಲ್ಲೇ ಸೀನಲು ಹತ್ತಿದವರು ಕುರ್ಚಿ ಸೇರುವವರೆಗೂ ನಿಲ್ಲಿಸಲಿಲ್ಲ. ಆದರೂ ಮನುಷ್ಯ ಚುರುಕು. ‘ನಾ ಒಂದ ಚೀಲಕ್ಕ ನೀರ ಚಿಮುಕಿಸಿ ಬಾಯಿ ಕಟ್ಟಸ್ತೇನಿ. ಯಾವ ಚೀಲಾ ಅಂತ ನೀವು ಪರದೆ ನೋಡಿ ಹೇಳಬೇಕು’ ಎಂದು ಹುಡುಗರನ್ನು ಹೊರಗೆ ಕಳಿಸಿ ಹಾಗೆಯೇ ಮಾಡಿದರು.

ಹುಡುಗರು ಒಳಗೆ ಬಂದರು. ಆವತ್ತು ಬೆಳಿಗ್ಗೆ ಅಟೆಂಡರ್ ತನ್ನ ಮೊಬೈಲ್ ಚಾರ್ಜಿಗೆ ಹಾಕಲು ಅಡಾಪ್ಟರಿನ ತಂತಿ ಕಿತ್ತು, ಅದನ್ನು ಪ್ರಿಂಟರಿನ ಕಿಂಡಿಗೆ ಚುಚ್ಚಿದ್ದ. ನಂಬರುಗಳೆಲ್ಲ ಹೊಸವು. ಗಾಬರಿಯಲ್ಲಿ ಗುತ್ತಲದ ಹುಡುಗಿ ಸಾಲಾಗಿ ನಾಲ್ಕು ಕಿಟಕಿ ತೆರೆದು, ಎಂದಿನಂತೆ ಮೊದಲನೆಯದು ತನ್ನದೇ ಎಂದುಕೊಂಡು, ಹಸಿಯ ಅಂಕಿ ಏರಿದ್ದ ಅದನ್ನು ತೋರಿಸಿ ‘ಸರ್, ಗುತ್ತಲದ ಚೀಲ ಹಸಿ ಐತ್ರಿ’ ಎಂದಳು.

ಮೂಲೆಯ ಸ್ಟೂಲಿನಿಂದ ದನಿ ಬಂತು. ‘ಹೆಂಗ ಹೇಳ್ತೀದಿ? ಊರ ಕೇಳಿದೇನು?’

ಹುಡುಗಿ ನಾಲಿಗೆ ಕಚ್ಚಿಕೊಂಡಳು. ಬೋರ್ಡುಗಳ ರೀಸೆಟ್ ಗುಂಡಿ ಒಂದೊಂದೇ ಒತ್ತಿ ಗಟ್ಟಿಯಾಗಿ ಓದತೊಡಗಿದಳು. ‘ನಾನು ಮೋಟೆಬೆನ್ನೂರು. ನಾನು ಗುತ್ತಲ. ನಾನು ಕದರಮಂಡಲಗಿ.’ ಹಸಿ ಏರಿದ್ದ ಕಿಟಕಿ ಗುತ್ತಲದ್ದಾಗಿರಲಿಲ್ಲ, ಹಾವೇರಿಯದಿರಬೇಕು. ಆದರೆ ರೀಸೆಟ್ ಒತ್ತಿದ ರಭಸಕ್ಕೆ ಏನೋ ಅಲುಗಿ, ಅದು ಊರು ಹೇಳುವ ಬದಲು ಕಸ ಉಗುಳಿತು. ‘ಚೌಕ್ರಿ ಅಕ್ಕೋರ. ಚೌಕ. ಪ್ರಶ್ನಾರ್ಥಕ. ಮತ್ತ ಚೌಕ’ ಎಂದು ಹಾವೇರಿಯ ಹುಡುಗ ಅಳುವ ದನಿಯಲ್ಲಿ ಓದಿದ. ಅವನ ಅಬ್ಬಾಜಾನ್ ಹೊರಗೆ ಕಾರಿಡಾರಿನಲ್ಲಿ ಬಾಳೆಹಣ್ಣಿನ ಚೀಲ ಹಿಡಿದು ಕಾಯುತ್ತಿದ್ದರು.

‘ಎರಡೂ ಕಡೆ ಮಾತಿನ ವೇಗ ಒಂದ ಐತೇನು?’ ಎಂದರು ಅಕ್ಕೋರು.

‘ಐತ್ರಿ.’

‘ಹಂಗಾರ ಚಾಪಿ ಜಾರೈತಿ. ಸರಿ ಆಚೆ.’

ಅಕ್ಕೋರು ಎದ್ದು ಬಂದರು. ಇಷ್ಟು ದಿನ ಕಾಪಾಡಿದ್ದು ಈಗ ಎಲ್ಲರ ಎದುರಿಗೇ ಹೋಗುತ್ತದೆ ಎಂದು ಅವರ ಮುಂದೆ ಹೋಗಿ ನಿಲ್ಲಲು ನೋಡಿದೆ. ಮೊಣಕೈಯಿಂದ ನನ್ನನ್ನು ತಳ್ಳಿದರು. ಅಡಾಪ್ಟರಿನ ಅಂಚಿನ ಮೇಲೆ ಬೆರಳು ಓಡಿತು. ಜೋಳ, ಕಡಲೆ, ಹುಣಸೆ ಬೀಜ, ಗುಂಡಿ. ಗುಂಡಿಯಿಂದ ಹೊರಟ ತಂತಿಗಳ ಗಂಟುಗಳನ್ನು ಬೆರಳಿನಲ್ಲೇ ಎಣಿಸಿದರು. ಒಂದು ಗಂಟಿನ ತಂತಿ ಸಡಿಲಾಗಿ ಜೋತುಬಿದ್ದಿತ್ತು. ಅದನ್ನು ಹಿಡಿದು, ಕಡ್ಡಿ ಹುಡುಕಿ, ಒತ್ತಿದರು. ಅಷ್ಟು ಹೊತ್ತೂ ಅವರ ಮುಖ ಮೇಲಿನ ಗವಾಕ್ಷಿಯ ಕಡೆಗಿತ್ತು.

‘ನಾನು ಹಾವೇರಿ!’ ಎಂದು ಹುಡುಗ ಕೂಗಿದ. ‘ಹಾವೇರಿ ಚೀಲಾನ ಹಸಿ ಐತ್ರಿ ಸರ್!’

ಪರೀಕ್ಷಕರು ಪರದೆ ನೋಡುತ್ತಿರಲಿಲ್ಲ. ಅಕ್ಕೋರ ಮುಖ ನೋಡುತ್ತಿದ್ದರು, ಆಮೇಲೆ ಅವರ ಬೆರಳು. ಅವರಿಗೆ ತಿಳಿದುಹೋಗಿತ್ತು. ‘ಮೇಡಂ, ನಿಮಗ…’ ಎಂದು ಶುರುಮಾಡಿದರು. ಸರಿಯಾಗಿ ಆಗಲೇ ಬಾಗಿಲಲ್ಲಿ ‘ನಾನ್ರಿ ಅಕ್ಕೋರ, ಹುಬ್ಬಳ್ಳಿ. ಹೆಂಗ ನಡದೈತಿ?’ ಎಂಬ ದನಿ. ಪ್ರಿನ್ಸಿಪಾಲರು. ಅವರು ಒಳಗೆ ಬರುತ್ತ ಪರೀಕ್ಷಕರ ಮುಖ ಕಂಡವರೇ, ಅವರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟರು.

ನಾನು ನೋಡುತ್ತಲೇ ನಿಂತೆ. ಹುಡುಗಿ ತಲೆ ತಗ್ಗಿಸಿದ್ದಳು. ಹುಡುಗರು 'ಸುಮ್ಮನಿರಿ' ಎಂಬಂತೆ ಪರೀಕ್ಷಕರನ್ನು ದೈನ್ಯದಿಂದ ನೋಡುತ್ತಿದ್ದರು. ಹಿಂದಿನಿಂದ ಅಟೆಂಡರ್ ಟ್ರೇ ಹಿಡಿದು ಬಂದು, ‘ನಾನ್ರಿ ಅಕ್ಕೋರ, ಕಾಗಿನೆಲಿ. ಚಹಾ ತಂದೇನ್ರಿ, ನಿಮ್ಮ ಬಲಗೈ ಕಡೆ ಇಡ್ತೇನಿ’ ಎಂದ. ಬಲಗೈ ಕಡೆ! ಎಲ್ಲರಿಗೂ ಗೊತ್ತಿತ್ತು. ತಿಂಗಳುಗಳಿಂದ ಗೊತ್ತಿತ್ತು. ಅವರು ಲ್ಯಾಬಿನಲ್ಲೇ ಇರಲೆಂದು ಇಡೀ ಕಾಲೇಜು ಬಾಗಿಲಲ್ಲಿ ನಿಂತು ಊರು ಹೇಳುತ್ತಿತ್ತು. ನಾನೊಬ್ಬ ಕೋಣ, ಕೆಮ್ಮುತ್ತ ತಿರುಗಿದ್ದೆ.

ಪರೀಕ್ಷಕರು ಚಹಾ ಕೈಗೆ ತೆಗೆದುಕೊಂಡರು. ಒಮ್ಮೆ ಸೀನಿದರು. ಮೂಗು ಒರೆಸಿಕೊಂಡು, ಕುರ್ಚಿಯಲ್ಲಿ ನೆಟ್ಟಗೆ ಕೂತು, ‘ನಾನ್ರಿ ಮೇಡಂ… ಗದಗ’ ಎಂದರು.

‘ಕೇಳ್ತು’ ಎಂದರು ಅಕ್ಕೋರು. ‘ಮುಂದ ಕೇಳ್ರಿ ಗದಗ. ಏನ ಪ್ರಶ್ನೆ ಐತಿ ನಿಮ್ಮದು?’

ನನ್ನ ಕಣ್ಣಲ್ಲಿ ನೀರು ಬಂತು. ಮೆಣಸಿನಕಾಯಿ ಘಾಟು ಎಂದು ಎಲ್ಲರಿಗೂ ಹೇಳಿದೆ. ಯಾರೂ ನಂಬಿದಂತೆ ಕಾಣಲಿಲ್ಲ.

ಸಂಜೆ ರೈಲಿನಲ್ಲಿ ಅದನ್ನು ಅವರಿಗೆ ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದೆ. ಕಡೆಗೆ, ‘ಅಕ್ಕೋರ, ಒಂದ ಮಾತು… ಕಾಲೇಜಿನ್ಯಾಗ ಎಲ್ಲಾರಿಗೂ…’ ಎಂದೆ. ಅವರು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಅವರಿಗೆ ಗೊತ್ತೈತಿ ಅಂತ ನನಗ ಗೊತ್ತೈತ್ರಿ. ಹುಬ್ಬಳ್ಳಿ ಬಾಗಲದಾಗ ನಿಂತ ಊರ ಹೇಳಿದ ದಿನಾನ ತಿಳೀತು. ಆ ಮನಶ್ಯಾ ತನ್ನ ಹೆಂಡ್ತಿಗೂ ಹೇಳಿ ಮನಿಯೊಳಗ ಹೋಗಾಂವಲ್ಲ.’

‘ಮತ್ತ ನನಗ್ಯಾಕ ಹೇಳ್ಲಿಲ್ರಿ?’

‘ನೀವು ಎಷ್ಟ ಚಂದ ಕೆಮ್ಮಾಕತ್ತಿದ್ರಿ! ನಿಲ್ಲಿಸೂ ಮನಸಾಗಲಿಲ್ಲ.’ ನನ್ನ ಕೈಯನ್ನು ಹುಡುಕಿ ಹಿಡಿದು, ‘ಮೆಟ್ಟಲ ಬಂದಲ್ಲೆಲ್ಲಾ ಕೆಮ್ಮಿದ್ರಿ. ಒಂದನ್ನೂ ಬಿಡ್ಲಿಲ್ಲ. ಅಷ್ಟ ಸಾಕು’ ಎಂದರು. ಬ್ಯಾಡಗಿ ಬಂತು. ಇಳಿದುಹೋದರು.

ಅವರು ಬಯಸಿದಂತೆ ಲ್ಯಾಬಿನಿಂದಲೇ ಮನೆಗೆ ಹೋದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿಕೊಂಡು ಆಫೀಸಿನಲ್ಲಿ ಕೂರಲು ಒಪ್ಪದೆ, ಸ್ಟೂಲಿನ ಮೇಲೆಯೇ ಹೊದಿಸಿಕೊಂಡರು. ಆಮೇಲೆ ಬ್ಯಾಡಗಿಯ ತಮ್ಮನ ಮನೆಯ ಪಡಸಾಲೆಯಲ್ಲಿ ಅವರ ಇರವು. ಕ್ರಮೇಣ ಬದಿಯ ಬೆಳಕೂ ಹೋಯಿತು. ಕೋಲು ಹಿಡಿಯಲಿಲ್ಲ, ಬಿಗುಮಾನ ಬಿಡಲಿಲ್ಲ. ಮಾತಾಡುವ ಫೋನು ತರಿಸಿಕೊಂಡು ಅದರೊಂದಿಗೇ ಜಗಳಾಡುವರು: ‘ಇದು ರಾಣೆಬೆನ್ನೂರಿಗಿಂತ ಜೋರ ಒದರತೈತಿ.’ ನಾನು ಆಗಾಗ ರೈಲಿನಿಂದ ನಡುವೆ ಇಳಿದು ಮಿರ್ಚಿ ಭಜಿ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಡಾಕ್ಟರು ಬೇಡವೆಂದದ್ದನ್ನೆಲ್ಲ ಅವರು ನನ್ನ ಹೆಸರಿನಲ್ಲಿ ತಿನ್ನುತ್ತಿದ್ದರು. ಹೊಸಿಲಲ್ಲಿ ನಿಂತು ‘ನಾನ್ರಿ ಅಕ್ಕೋರ, ರಾಣೆಬೆನ್ನೂರು’ ಎನ್ನಬೇಕು. ‘ಕೇಳ್ತು’ ಎಂದ ಮೇಲೆ ಒಳಗೆ. ಎಂದಾದರೂ ಮರೆತು ಹಾಗೇ ನುಗ್ಗಿದರೆ, ದನಿ ಗುರುತಾಗಿದ್ದರೂ, ಹೊರಗೆ ಕಳಿಸಿ ಮತ್ತೆ ಬರಹೇಳುತ್ತಿದ್ದರು.

ಅವರು ಹೋದ ಸುದ್ದಿ ಒಂದು ಬೆಳಿಗ್ಗೆ ಬಂತು. ಅದೇ ಪ್ಯಾಸೆಂಜರಿನಲ್ಲಿ ಹೋದೆ. ಅವರ ಮನೆತನದ ಪದ್ಧತಿಯಂತೆ ದೇಹವನ್ನು ಮಲಗಿಸದೆ ಪಡಸಾಲೆಯಲ್ಲಿ ಗೋಡೆಗೆ ಬೆನ್ನು ಆನಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಮಾಲೆ, ಕೈ ತೊಡೆಯ ಮೇಲೆ, ಕಣ್ಣು ಮುಚ್ಚಿ. ಅಂಗಳದಲ್ಲಿ ಭಜನೆ ನಡೆದಿತ್ತು. ನನಗೆ ಅಲ್ಲಿ ಹೆಣ ಕಾಣಲಿಲ್ಲ. ಲ್ಯಾಬಿನ ಮೂಲೆಯಲ್ಲಿ ಸ್ಟೂಲಿನ ಮೇಲೆ ಕುಳಿತು, ‘ಓದ್ರಿ’ ಎಂದು ಹೇಳಿ ಕೇಳುತ್ತ ಕುಳಿತವರು ಕಂಡರು. ಅಂಗಳದಿಂದ ಹೊರಬಂದು ಸಾಲಿನಲ್ಲಿ ನಿಂತೆ.

ಹಳೆಯ ವಿದ್ಯಾರ್ಥಿಗಳ ಸಾಲು ಬೀದಿಯವರೆಗಿತ್ತು. ನನಗಿಂತ ಬಹಳ ಮುಂದೆ ಗುತ್ತಲದ ಹುಡುಗಿ, ಕಂಕುಳಲ್ಲಿ ಈಗ ಒಂದು ಕೂಸು. ಆಕೆ ಹೊಸಿಲಿಗೆ ಬಂದವಳು ತಟ್ಟನೆ ನಿಂತಳು. ಸೆರಗಿನಿಂದ ಮುಖ ಒರೆಸಿಕೊಂಡು, ಎಲ್ಲರಿಗೂ ಕೇಳುವಂತೆ, ‘ನಾನ್ರಿ ಅಕ್ಕೋರ, ಗುತ್ತಲ’ ಎಂದಳು. ಆಮೇಲೆ ಒಳಗೆ ಹೋಗಿ ಹೂವಿಟ್ಟಳು. ಭಜನೆಯವರು ಒಂದು ಕ್ಷಣ ತಾಳ ನಿಲ್ಲಿಸಿ ನೋಡಿದರು. ಅವಳ ಹಿಂದಿನವನು ಬಂದ. ‘ನಾನ್ರಿ, ಮೋಟೆಬೆನ್ನೂರು.’ ಅವನ ಹಿಂದೆ ಕದರಮಂಡಲಗಿ. ಕೋಲೂರಿಕೊಂಡು ಬಂದಿದ್ದ ಹಳೆಯ ಪ್ರಿನ್ಸಿಪಾಲರು. ‘ನಾನ್ರಿ ಅಕ್ಕೋರ, ಹುಬ್ಬಳ್ಳಿ.’ ಒಬ್ಬರೂ ಊರು ಹೇಳದೆ ಹೊಸಿಲು ದಾಟಲಿಲ್ಲ.

ನನ್ನ ಪಾಳಿ ಬಂತು. ಒದರುವ ಬಾಯಿ ಎಂದು ಅವರಿಂದ ಹೆಸರು ಪಡೆದವನು ಹೊಸಿಲಿಗೆ ಬಂದೆ. ಒಮ್ಮೆ ಕೆಮ್ಮಿದೆ. ‘ನಾನ್ರಿ ಅಕ್ಕೋರ’ ಎಂದೆ, ‘ರಾಣೆಬೆನ್ನೂರು.’ ಹೇಳಿ ಅಲ್ಲೇ ನಿಂತೆ. ಇಷ್ಟು ವರ್ಷದ ರೂಢಿ, ಉತ್ತರ ಬಾರದೆ ಹೊಸಿಲು ದಾಟಿದವನಲ್ಲ ನಾನು. ಕಾದೆ. ಹಿಂದೆ ಜನ ನಿಂತಿದ್ದರು, ಯಾರೂ ಅವಸರ ಮಾಡಲಿಲ್ಲ. ಕಡೆಗೆ ನನ್ನ ಹಿಂದಿದ್ದ ಹಾವೇರಿಯ ಹುಡುಗ ಹೆಗಲ ಮೇಲೆ ಕೈಯಿಟ್ಟು, ಕಿವಿಯ ಹತ್ತಿರ ಮೆಲ್ಲಗೆ ಹೇಳಿದ:

‘ಕೇಳ್ತ್ರಿ ಸರ್. ಒಳಗ ನಡೀರಿ.’